ಅಡಮಾನದ ಸಾಲವೂ ನಿವೃತ್ತಿಯ ಜೀವನವೂ

ಮನೆ ಕಟ್ಟಿಸುವುದು, ಹೊಲದಲ್ಲಿ ಬಾವಿ ತೋಡಿಸುವುದು, ಇವೆರಡೂ ನಮ್ಮ ಸಂಸಾರಗಳ ದೊಡ್ಡ ಸಾಹಸಗಳು. ಕೈಯಲ್ಲಿರುವ ಹಣದಿಂದಲೇ ಇವು ನೆರವೇರುವುದು ಅಪರೂಪ. ಆದುದರಿಂದ ಮನೆಯನ್ನೋ ಜಮೀನನ್ನೋ ಅಡಮಾನವಿಟ್ಟು ಸಾಲ ತರುವುದು ವಾಡಿಕೆಯಾಗಿದೆ. ಆದರೆ ಸಾಲ ತರುವಾಗ ಇದ್ದ ದುಡಿಮೆ ಸಾಲ ತೀರುವವರೆಗೂ ಇರುವುದೆಂಬ ಭರವಸೆಯಿಲ್ಲ. ಹಾಗಾದರೆ ಅವಧಿಗೆ ಮುಂಚೆಯೇ ಸಾಲವನ್ನು ತೀರಿಸಿಬಿಡಬೇಕೆ, ಅಥವಾ ದುಡಿಮೆ ನಿಂತ ಮೇಲೂ ಕಂತು ಕಟ್ಟುತ್ತ ಹೋಗಬಹುದೆ? ಈ ಪ್ರಶ್ನೆಯನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಅಡಮಾನವೆಂದರೆ ಮಾರಾಟವಲ್ಲ. ಸಾಲದ ಭದ್ರತೆಗಾಗಿ ಸ್ಥಿರಸ್ವತ್ತಿನಲ್ಲಿ ಒಂದು ಹಕ್ಕನ್ನು ಕೊಡುವುದು ಮಾತ್ರ. ೧೮೮೨ರ ಸ್ವತ್ತು ವರ್ಗಾವಣೆ ಕಾಯಿದೆಯ ೬೦ನೆಯ ಪ್ರಕರಣವು ಹಣ ತೀರಿಸಿ ಸ್ವತ್ತನ್ನು ಬಿಡಿಸಿಕೊಳ್ಳುವ ಹಕ್ಕನ್ನು ಸಾಲಗಾರನಿಗೆ ಕೊಟ್ಟಿದೆ. ನಮ್ಮ ಹಳ್ಳಿಗಳಲ್ಲಿ ಹಿಂದಿನಿಂದ ಬಂದ ಭೋಗ್ಯದ ಪದ್ಧತಿಯಲ್ಲಿ ಸಾಲ ಕೊಟ್ಟವನೇ ಹೊಲವನ್ನು ಅನುಭವಿಸುತ್ತಿದ್ದನು. ಬಡ್ಡಿಯ ಬದಲು ಬೆಳೆ ಅವನಿಗೆ ಸೇರುತ್ತಿತ್ತು. ಹೊಲವನ್ನು ರೈತನ ಸ್ವಾಧೀನದಲ್ಲಿಯೇ ಉಳಿಸಿ ದೀರ್ಘಾವಧಿಯ ಸಾಲ ಕೊಡುವ ಸಲುವಾಗಿ ಮೈಸೂರು ಸಂಸ್ಥಾನದಲ್ಲಿ ೧೯೨೯ರಲ್ಲಿ ಕೇಂದ್ರ ಸಹಕಾರಿ ಭೂ ಅಡಮಾನ ಬ್ಯಾಂಕು ಸ್ಥಾಪಿತವಾಯಿತು. ಜನರು ಇಂದಿಗೂ ಪಿ.ಎಲ್.ಡಿ. ಬ್ಯಾಂಕು ಎಂದು ಕರೆಯುವ ತಾಲ್ಲೂಕು ಬ್ಯಾಂಕುಗಳು ಈ ಪರಂಪರೆಗೆ ಸೇರಿದವು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಉಪವಿಭಾಗವಾಗಿದೆ. ಇದು ಮಳೆ ಕಡಮೆಯಾದ ಸೀಮೆ. ಇಲ್ಲಿ ಅಡಮಾನದ ಸಾಲಗಾರರನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು. ಗೃಹಸಾಲ ಪಡೆದ ಉಪಾಧ್ಯಾಯರು, ಗುಮಾಸ್ತರು ಮುಂತಾದ ಸಂಬಳದಾರರು ಒಂದು ಬಗೆ. ಜಮೀನಿನ ಮೇಲೆ ಸಾಲ ಪಡೆದ ರೈತರು ಇನ್ನೊಂದು ಬಗೆ. ಇಬ್ಬರಿಗೂ ಒಂದೇ ಉತ್ತರ ಸಲ್ಲುವುದಿಲ್ಲ.

ಮೊದಲು ಸಂಬಳದಾರರ ಲೆಕ್ಕವನ್ನು ನೋಡೋಣ. ೪೫ನೆಯ ವಯಸ್ಸಿನಲ್ಲಿ ಒಬ್ಬ ಉಪಾಧ್ಯಾಯರು ೧೫ ಲಕ್ಷ ರೂಪಾಯಿಗಳನ್ನು ಶೇಕಡ ೯ರ ಬಡ್ಡಿಗೆ ೨೦ ವರ್ಷಗಳ ಅವಧಿಗೆ ಪಡೆದರೆಂದು ಇಟ್ಟುಕೊಳ್ಳೋಣ. ತಿಂಗಳ ಕಂತು ಸುಮಾರು ೧೩,೪೯೬ ರೂಪಾಯಿ. ಮೊದಲನೆಯ ಕಂತಿನಲ್ಲಿ ೧೧,೨೫೦ ರೂಪಾಯಿ ಬಡ್ಡಿಗೇ ಹೋಗುತ್ತದೆ. ಅಸಲಿಗೆ ಸೇರುವುದು ೨,೨೪೬ ರೂಪಾಯಿ ಮಾತ್ರ. ರಾಜ್ಯ ಸರಕಾರಿ ನೌಕರರು ನಿವೃತ್ತರಾಗುವುದು ೬೦ನೆಯ ವಯಸ್ಸಿಗೆ. ಆ ವೇಳೆಗೆ ಅವಧಿಯ ಮುಕ್ಕಾಲು ಪಾಲು ಕಳೆದಿರುತ್ತದೆಯಾದರೂ ಸುಮಾರು ೬ ಲಕ್ಷ ೫೦ ಸಾವಿರ ರೂಪಾಯಿ ಅಸಲು ಇನ್ನೂ ಉಳಿದಿರುತ್ತದೆ. ಸಂಬಳ ನಿಂತು ಪಿಂಚಣಿ ಬರುವ ಕಾಲಕ್ಕೆ ಕಂತು ಮಾತ್ರ ಕಡಮೆಯಾಗುವುದಿಲ್ಲ.

ಇದೇ ಸಾಲವನ್ನು ೧೫ ವರ್ಷಗಳಲ್ಲಿಯೇ ತೀರಿಸಬೇಕೆಂದರೆ ಕಂತು ಸುಮಾರು ೧೫,೨೧೪ ರೂಪಾಯಿ ಆಗುತ್ತದೆ. ತಿಂಗಳಿಗೆ ಹೆಚ್ಚಾಗುವುದು ೧,೭೧೮ ರೂಪಾಯಿ. ಒಟ್ಟು ಉಳಿಯುವ ಬಡ್ಡಿಯೋ ಸುಮಾರು ೫ ಲಕ್ಷ ರೂಪಾಯಿ! ಅಸಲು ಹೆಚ್ಚಾಗಿರುವ ಆರಂಭದ ವರ್ಷಗಳಲ್ಲಿ ಕಟ್ಟಿದ ಹೆಚ್ಚಿನ ಹಣಕ್ಕೆ ಫಲವೂ ಹೆಚ್ಚು. ಬಡ್ಡಿಯ ದರ ಏರಿಳಿಯುವ ಗೃಹಸಾಲವನ್ನು ಮುಂಚಿತವಾಗಿ ತೀರಿಸುವ ವ್ಯಕ್ತಿಗಳಿಂದ ಬ್ಯಾಂಕುಗಳು ದಂಡ ವಸೂಲು ಮಾಡಕೂಡದೆಂದು ರಿಸರ್ವ್ ಬ್ಯಾಂಕು ೨೦೧೨ರಲ್ಲಿಯೇ ವಿಧಿಸಿದೆ.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ೨೦೨೨ರ ಮೇ ತಿಂಗಳಿನಿಂದ ೨೦೨೩ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕಿನ ರೆಪೊ ದರ ಶೇಕಡ ೪ರಿಂದ ೬.೫ಕ್ಕೆ ಏರಿತು. ಆಗ ಅನೇಕರ ಕಂತು ಬದಲಾಗದೆ ಸಾಲದ ಅವಧಿಯೇ ಬೆಳೆಯಿತು. ೬೦ಕ್ಕೆ ತೀರಬೇಕಾದ ಸಾಲ ಹೀಗೆ ಸಾಲಗಾರನ ಗಮನಕ್ಕೇ ಬಾರದೆ ನಿವೃತ್ತಿಯನ್ನು ದಾಟಬಹುದು. ದರ ಬದಲಾದಾಗ ಕಂತನ್ನು ಏರಿಸುವುದೋ ಅವಧಿಯನ್ನು ಬೆಳೆಸುವುದೋ ಎಂಬ ಆಯ್ಕೆಯನ್ನು ಸಾಲಗಾರನಿಗೇ ಕೊಡಬೇಕೆಂದು ರಿಸರ್ವ್ ಬ್ಯಾಂಕು ೨೦೨೩ರ ಆಗಸ್ಟಿನಲ್ಲಿ ಸೂಚಿಸಿತು. ಈ ಆಯ್ಕೆಯನ್ನು ಕೇಳಿ ಪಡೆಯಬೇಕು.

ಇನ್ನು ರೈತನ ವಿಷಯ. ಅವನಿಗೆ ನಿವೃತ್ತಿಯ ದಿನಾಂಕವೆಂಬುದಿಲ್ಲ. ತಿಂಗಳ ಸಂಬಳವೂ ಇಲ್ಲ. ಕಡಲೆಕಾಯಿ ಕೈಗೆ ಬಂದ ವರ್ಷ ಹಣವುಂಟು, ಮಳೆ ಕೈಕೊಟ್ಟ ವರ್ಷ ಬಿತ್ತನೆಯ ಬೀಜವೂ ಹಿಂದಿರುಗುವುದಿಲ್ಲ. ಆದರೆ ಅವನ ಸಾಲದ ಗುಣವೇ ಬೇರೆ. ಸಹಕಾರಿ ಸಂಸ್ಥೆಗಳ ಮಧ್ಯಮಾವಧಿ ಮತ್ತು ದೀರ್ಘಾವಧಿ ಕೃಷಿ ಸಾಲಕ್ಕೆ ಶೇಕಡ ೩ರ ಬಡ್ಡಿಯ ಸೌಲಭ್ಯವನ್ನು ರಾಜ್ಯ ಸರಕಾರವು ೨೦೨೩-೨೪ರ ಆಯವ್ಯಯದಲ್ಲಿ ೧೦ ಲಕ್ಷದಿಂದ ೧೫ ಲಕ್ಷ ರೂಪಾಯಿಗಳವರೆಗೆ ವಿಸ್ತರಿಸಿತು. ಕಂತನ್ನು ಗಡುವಿನೊಳಗೆ ಕಟ್ಟುವವರಿಗೆ ಮಾತ್ರ ಈ ಸೌಲಭ್ಯ. ಒಳ್ಳೆಯ ಬೆಳೆಯಿಂದ ಒಂದು ಲಕ್ಷ ರೂಪಾಯಿ ಮಿಕ್ಕಿತೆನ್ನಿ. ಅದನ್ನು ಶೇಕಡ ೩ರ ಸಾಲಕ್ಕೆ ಮುಂಚಿತವಾಗಿ ಕಟ್ಟಿದರೆ ವರ್ಷಕ್ಕೆ ಉಳಿಯುವುದು ೩,೦೦೦ ರೂಪಾಯಿ. ಶೇಕಡ ೧೨ರ ಒಡವೆ ಸಾಲವಿದ್ದು ಅದನ್ನು ತೀರಿಸಿದರೆ ಉಳಿಯುವುದು ೧೨,೦೦೦ ರೂಪಾಯಿ. ಆದುದರಿಂದ ಇಂತಹ ರೈತನು ಮೊದಲು ಹೆಚ್ಚಿನ ಬಡ್ಡಿಯ ಕೈಸಾಲಗಳನ್ನು ತೀರಿಸಿ, ಅನಂತರ ಒಂದೆರಡು ವರ್ಷದ ಕಂತಿನ ಹಣವನ್ನು ಠೇವಣಿಯಲ್ಲಿಟ್ಟುಕೊಳ್ಳುವುದು ಲೇಸು. ಬರಗಾಲದಲ್ಲಿ ಅವನ ಜಮೀನನ್ನು ಕಾಯುವುದು ಆ ಠೇವಣಿಯೇ.

ಪಾವಗಡದ ತಿರುಮಣಿ ಸುತ್ತಮುತ್ತ ಸೌರ ವಿದ್ಯುತ್ ಕೇಂದ್ರಕ್ಕಾಗಿ ರೈತರು ಸುಮಾರು ೧೩,೦೦೦ ಎಕರೆ ಜಮೀನನ್ನು ಮಾರದೆ ಗುತ್ತಿಗೆಗೆ ಕೊಟ್ಟಿದ್ದಾರೆ. ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡ ೫ರ ಏರಿಕೆ ಎಂಬುದು ಆರಂಭದ ಕರಾರು. ಇಂತಹ ವರಮಾನವು ಪಿಂಚಣಿಯಂತೆ ನಿಶ್ಚಿತವಾದುದು; ಇದನ್ನು ನಂಬಿ ಕಂತನ್ನು ಗೊತ್ತುಮಾಡಿಕೊಳ್ಳಬಹುದು. ಮಳೆಯನ್ನು ನಂಬಿ ಹಾಗೆ ಮಾಡಲಾಗದು. ಆದುದರಿಂದ ಕೇಳಬೇಕಾದ ಪ್ರಶ್ನೆಗಳು ಎರಡು: ಸಾಲದ ಬಡ್ಡಿ ಎಷ್ಟು? ಮುಂದೆ ಬರುವ ವರಮಾನ ಎಷ್ಟು ನಿಶ್ಚಿತ? ಬಡ್ಡಿ ಹೆಚ್ಚಾಗಿ ವರಮಾನ ಇಳಿಯುವುದಾದರೆ ಸಾಲವನ್ನು ನಿವೃತ್ತಿಗೆ ಮೊದಲೇ ತೀರಿಸಬೇಕು. ಬಡ್ಡಿ ಅಲ್ಪವಾಗಿ ವರಮಾನ ನಿಶ್ಚಿತವಾಗಿದ್ದರೆ ಅವಸರವಿಲ್ಲ.

ನಿವೃತ್ತಿಯ ದಿನ ಬಂದ ಉಪದಾನದ ಹಣವನ್ನೆಲ್ಲ ಸಾಲಕ್ಕೆ ಸುರಿಯುವುದೂ ವಿವೇಕವಲ್ಲ. ಗೋಡೆಯೊಳಗೆ ಸೇರಿದ ಹಣವು ಕಾಯಿಲೆಯ ಕಾಲದಲ್ಲಿ ಕೂಗಿದಾಗ ಬರುವುದಿಲ್ಲ. ವೈದ್ಯ ವೆಚ್ಚಕ್ಕೂ ಒಂದು ವರ್ಷದ ಸಂಸಾರಕ್ಕೂ ಆಗುವಷ್ಟನ್ನು ತೆಗೆದಿಟ್ಟು ಮಿಕ್ಕುದನ್ನು ಕಟ್ಟಬೇಕು. ೨೦೦೬ರ ಏಪ್ರಿಲ್ ೧ರಿಂದ ಈಚೆಗೆ ಸೇವೆಗೆ ಸೇರಿ ಹೊಸ ಪಿಂಚಣಿ ಯೋಜನೆಗೆ ಒಳಪಟ್ಟವರು ಈ ಮಾತನ್ನು ವಿಶೇಷವಾಗಿ ನೆನೆಯಬೇಕು. ಅವರ ಪಿಂಚಣಿಯು ಕೂಡಿಟ್ಟ ನಿಧಿಯನ್ನು ಅವಲಂಬಿಸಿದೆ.

ಸಾಲ ತೀರಿದ ಮೇಲೂ ಕೆಲಸ ಮುಗಿಯಿತೆಂದು ತಿಳಿಯಬಾರದು. ೨೦೨೩ರ ಡಿಸೆಂಬರ್ ೧ರಿಂದ ಜಾರಿಗೆ ಬಂದ ನಿಯಮದಂತೆ ಬ್ಯಾಂಕು ೩೦ ದಿನಗಳೊಳಗೆ ಮೂಲಪತ್ರಗಳನ್ನು ಹಿಂದಿರುಗಿಸಬೇಕು. ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ ೫,೦೦೦ ರೂಪಾಯಿ ಪರಿಹಾರ ತೆರಬೇಕು. ಜಮೀನಾದರೆ ಪಹಣಿಯ ಋಣಗಳ ಕಲಮಿನಿಂದ ಸಾಲದ ನಮೂದನ್ನು ತೆಗೆಸಬೇಕು.

ಇದು ಹಿರಿಯರ ವಿಷಯ, ನಮಗೇಕೆ ಎಂದು ವಿದ್ಯಾರ್ಥಿ ಮಿತ್ರರು ಭಾವಿಸಬಾರದು. ಸಾಲದ ಅವಧಿಯು ತಂದೆಯ ದುಡಿಮೆಯ ಕಾಲವನ್ನು ಮೀರುವಾಗ ಮಗನನ್ನೋ ಮಗಳನ್ನೋ ಜೊತೆ ಸಾಲಗಾರರಾಗಿ ಸೇರಿಸಿಕೊಳ್ಳುವುದುಂಟು. ತಂದೆ ಉಳಿಸಿದ ಕಂತು ಆಗ ನಮ್ಮ ಮೊದಲ ಸಂಬಳದ ಮೇಲೆ ಬೀಳುತ್ತದೆ. ಹಾಸಿಗೆಯಿದ್ದಷ್ಟು ಕಾಲು ಚಾಚು ಎಂಬುದು ಗಾದೆ. ಮನೆಯ ಸಾಲದ ಪುಸ್ತಕವನ್ನು ತೆರೆದು ಅಸಲೆಷ್ಟು, ಬಡ್ಡಿಯೆಷ್ಟು, ಕಡೆಯ ಕಂತು ಯಾವ ವರ್ಷಕ್ಕೆ ಎಂಬುದನ್ನು ಹಿರಿಯರೊಡನೆ ಕುಳಿತು ಲೆಕ್ಕ ಹಾಕುವುದು ನಾವು ಕಲಿತ ವಿದ್ಯೆಯ ಸಾರ್ಥಕ ಉಪಯೋಗವೆನ್ನಬಹುದು.