ಮೈನಸ್ ಹತ್ತರಲ್ಲಿ ಓಡಲು ಏನು ತೊಡಬೇಕು?

ಬೆಂಗಳೂರಿನ ಹವಾಮಾನ ದಾಖಲೆಗಳಲ್ಲಿ ಅತ್ಯಂತ ಕಡಿಮೆ ಉಷ್ಣಾಂಶ 7.8 ಡಿಗ್ರಿ. ಅದು ದಾಖಲಾದದ್ದು 1884ರ ಜನವರಿ 13ರಂದು. ಟೊರಾಂಟೊದಲ್ಲಿ ಓಡುವವರಿಗೆ 7.8 ಡಿಗ್ರಿ ಎಂದರೆ ನವೆಂಬರಿನ ಹಿತವಾದ ಬೆಳಗು; ಆ ದಿನವೂ ಚಡ್ಡಿಯಲ್ಲೇ ಓಡುವವರು ಎಷ್ಟೋ ಮಂದಿ. ಕಬ್ಬನ್ ಪಾರ್ಕಿನಲ್ಲೋ ಕುಕ್ಕರಹಳ್ಳಿ ಕೆರೆ ಏರಿಯ ಮೇಲೋ ತಪ್ಪದೆ ಓಡುತ್ತಿದ್ದ ನಮ್ಮವರು ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲೇ ಶೂ ಎತ್ತಿಟ್ಟು, ಏಪ್ರಿಲ್ ಬರಲಿ ಎಂದು ಕೂತುಬಿಡುತ್ತಾರೆ. ಹಾಗೆ ಕೂರಬೇಕಾಗಿಲ್ಲ. ಪಕ್ಕದ ಹ್ಯಾಮಿಲ್ಟನ್ ನಗರದಲ್ಲಿ ‘ಅರೌಂಡ್ ದ ಬೇ’ ಎಂಬ ಓಟವಿದೆ. ಶುರುವಾದದ್ದು 1894ರಲ್ಲಿ, ಬಾಸ್ಟನ್ ಮ್ಯಾರಥಾನ್‌ಗಿಂತ ಮೂರು ವರ್ಷ ಮೊದಲು. ಈಗ ಅದು 30 ಕಿಲೋಮೀಟರಿನ ಓಟ, ನಡೆಯುವುದು ಮಾರ್ಚ್ ಕೊನೆಯ ಹೊತ್ತಿಗೆ. ಆಗ ಅಷ್ಟು ದೂರ ಓಡಬೇಕೆಂದರೆ ಜನವರಿ, ಫೆಬ್ರವರಿ ಪೂರ್ತಿ ಹಿಮದಲ್ಲೇ ಅಭ್ಯಾಸ ನಡೆಯಬೇಕು. ಆಫೀಸು, ಮನೆ, ಮಕ್ಕಳು ಎಲ್ಲ ಇರುವ ಸಾಮಾನ್ಯ ಜನರೇ ಅದನ್ನು ಮಾಡುತ್ತಾರೆ. ನಿಮಗೂ ಸಾಧ್ಯ. ಬಟ್ಟೆಯ ವಿಚಾರವೊಂದು ಸರಿಯಾಗಿ ತಿಳಿದಿರಬೇಕು, ಅಷ್ಟೆ.

ಹೊಸಬರೆಲ್ಲ ತಪ್ಪುವುದು ಒಂದೇ ಕಡೆ: ಚಳಿಗೆ ಹೆದರಿ ಬಟ್ಟೆಯ ಮೇಲೆ ಬಟ್ಟೆ ಹೇರಿಕೊಳ್ಳುತ್ತಾರೆ. ಓಡುವಾಗ ಮೈ ಖರ್ಚು ಮಾಡುವ ಶಕ್ತಿಯಲ್ಲಿ ಮುಕ್ಕಾಲು ಪಾಲಿನಷ್ಟು ಶಾಖವಾಗಿಯೇ ಹೋಗುತ್ತದೆ. ಹಾಗಾಗಿ ಬಸ್ ಸ್ಟಾಪಿನಲ್ಲಿ ನಿಲ್ಲಲು ಬೇಕಾದ ಬಟ್ಟೆಯೇ ಬೇರೆ, ಓಡಲು ಬೇಕಾದ ಬಟ್ಟೆಯೇ ಬೇರೆ. ಇಲ್ಲಿನ ಓಟಗಾರರು ಇಟ್ಟುಕೊಂಡಿರುವ ಲೆಕ್ಕ ಸುಲಭದ್ದು. ಹೊರಗಿನ ಉಷ್ಣಾಂಶಕ್ಕೆ 10 ಡಿಗ್ರಿ ಸೇರಿಸಿ. ಆ ಹವೆಯಲ್ಲಿ ಅಡ್ಡಾಡಲು ಏನು ತೊಡುತ್ತೀರೋ ಅದನ್ನು ತೊಡಿ. ಮೈನಸ್ 5 ಇದ್ದರೆ ಪ್ಲಸ್ 5ಕ್ಕೆ ಸಿದ್ಧರಾಗಿ. ಮೊದಲ ಐದು ಹತ್ತು ನಿಮಿಷ ಸ್ವಲ್ಪ ಚಳಿ ಆಗಲೇಬೇಕು. ಬಾಗಿಲು ದಾಟಿದ ಕೂಡಲೇ ಮೈ ಬೆಚ್ಚಗಿದ್ದರೆ ಒಂದು ಪದರ ಹೆಚ್ಚಾಗಿದೆ ಎಂದೇ ಅರ್ಥ. ಒಳಗೆ ಹೋಗಿ ಅದನ್ನು ತೆಗೆದಿಟ್ಟು ಬನ್ನಿ.

ಹೆಚ್ಚು ತೊಟ್ಟರೆ ಬೆಚ್ಚಗಿರುತ್ತದಲ್ಲ, ನಷ್ಟವೇನು ಎಂದು ಕೇಳಬಹುದು. ನಷ್ಟ ಬೆವರಿನದು. ನೀರು ಗಾಳಿಗಿಂತ ಸುಮಾರು 25 ಪಟ್ಟು ಹೆಚ್ಚು ಶಾಖ ಸಾಗಿಸುತ್ತದೆ. ಮನೆಯಲ್ಲಿ ಹಾಕುವ ಹತ್ತಿ ಬನಿಯನ್ ಮೇಲೆ ದಪ್ಪ ಜಾಕೆಟ್ ತೊಟ್ಟು ಹೊರಟಿರಿ ಎನ್ನೋಣ. ಎರಡನೇ ಕಿಲೋಮೀಟರಿಗೆ ಬೆನ್ನಿನ ನಡುವೆ ಬೆವರು ಮೂಡುತ್ತದೆ. ಹತ್ತಿ ಅದನ್ನು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ. ಮೂರು, ನಾಲ್ಕನೇ ಕಿಲೋಮೀಟರಿಗೆ ಬನಿಯನ್ ಬೆನ್ನಿಗೆ ಅಂಟುತ್ತದೆ. ಓಡುತ್ತಿರುವಷ್ಟು ಹೊತ್ತು ಏನೂ ಗೊತ್ತಾಗುವುದಿಲ್ಲ. ರಸ್ತೆ ದಾಟಲು ಸಿಗ್ನಲ್‌ನಲ್ಲಿ ಒಂದು ನಿಮಿಷ ನಿಂತಿರೋ, ಆ ಒದ್ದೆ ಬಟ್ಟೆ ತಣ್ಣಗಾಗಿ ನಡುಕ ಹತ್ತುತ್ತದೆ. ಆಮೇಲೆ ಮತ್ತೆ ಓಡಿದರೂ ಅದು ಬೇಗ ಬಿಡುವುದಿಲ್ಲ. ಆದ್ದರಿಂದ ಮೈಗೆ ತಾಗುವ ಪದರದಲ್ಲಿ ಹತ್ತಿ ಬೇಡವೇ ಬೇಡ. ಒಳಉಡುಪು, ಸಾಕ್ಸ್‌ಗೂ ಇದೇ ಮಾತು.

ಹತ್ತಿಯ ಬದಲು ಪಾಲಿಯೆಸ್ಟರ್ ಆಗಬಹುದು. ಅದು ನೀರು ಹೀರುವುದು ತೀರಾ ಕಡಿಮೆ, ಬೆವರನ್ನು ಹೊರಮೈಗೆ ಹರಡಿ ಒಣಗಲು ಬಿಡುತ್ತದೆ, ಅಗ್ಗ ಕೂಡ. ಇನ್ನೊಂದು ಮೆರಿನೊ ಉಣ್ಣೆ. ಮಲೆನಾಡಿನಲ್ಲಿ ಮಳೆಗೆ ಕಂಬಳಿಕೊಪ್ಪೆ ಹಾಕಿ ಗದ್ದೆಗಿಳಿಯುವವರನ್ನು ನೋಡಿದ್ದರೆ ಉಣ್ಣೆಯ ಗುಣವನ್ನು ಬೇರೆ ವಿವರಿಸಬೇಕಿಲ್ಲ: ಒದ್ದೆಯಾದರೂ ಅದು ಬೆಚ್ಚಗಿರುತ್ತದೆ. ಮೆರಿನೊದ ಎಳೆ ಕಂಬಳಿಯ ಎಳೆಯಷ್ಟು ಒರಟಲ್ಲ, ಬರಿಮೈಗೆ ಚುಚ್ಚುವುದಿಲ್ಲ, ನಾಲ್ಕಾರು ಓಟಕ್ಕೆ ಬಳಸಿದರೂ ವಾಸನೆ ಹಿಡಿಯುವುದಿಲ್ಲ. ಬೆಲೆ ಮಾತ್ರ ಹೆಚ್ಚು. ಬೆವರು ಹೆಚ್ಚು ಬರುವ ಮೈಯಾದರೆ ಪಾಲಿಯೆಸ್ಟರೇ ಸಾಕು, ನಿಧಾನವಾಗಿ ಓಡುವವರಿಗೆ ಮೆರಿನೊ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಪದರಗಳು ಎಷ್ಟಿರಬೇಕು? 5 ಡಿಗ್ರಿಯ ಆಸುಪಾಸಿನಲ್ಲಿ ಒಂದು ಪೂರ್ಣತೋಳಿನ ಅಂಗಿ, ಕಾಲಿಗೆ ಟೈಟ್ಸ್, ತೆಳು ಕೈಗವಸು ಸಾಕು. ಸೊನ್ನೆಗಿಂತ ಕೆಳಗೆ ಇಳಿದರೆ ಅಂಗಿಯ ಮೇಲೆ ಗಾಳಿ ತಡೆಯುವ ತೆಳು ಜಾಕೆಟ್. ಮೈನಸ್ 10ರ ಸುಮಾರಿಗೆ ಎರಡರ ನಡುವೆ ಒಂದು ಹಗುರ ಫ್ಲೀಸ್, ಕಾಲಿಗೆ ಒಳಗೆ ಜುಂಜು ಇರುವ ದಪ್ಪ ಟೈಟ್ಸ್. ಅದಕ್ಕಿಂತ ಹೆಚ್ಚು ಪದರ ಬಹುತೇಕ ದಿನ ಬೇಕಾಗುವುದಿಲ್ಲ. ನಡುವಿನ ಪದರ ಕೊಳ್ಳುವಾಗ ಕುತ್ತಿಗೆಯಿಂದ ಎದೆಯವರೆಗೆ ಜಿಪ್ ಇರುವುದನ್ನೇ ಆರಿಸಿ. ಚಳಿಗಾಲದ ಓಟದಲ್ಲಿ ಇಷ್ಟು ಉಪಯೋಗಕ್ಕೆ ಬರುವ ವಸ್ತು ಇನ್ನೊಂದಿಲ್ಲ. ಹೊರಡುವಾಗ ಜಿಪ್ಪನ್ನು ಗದ್ದದವರೆಗೆ ಎಳೆಯಿರಿ. ಮೈ ಕಾಯುತ್ತಿದ್ದಂತೆ, ಬೆವರು ಮೂಡುವ ಮೊದಲೇ, ನಾಲ್ಕು ಬೆರಳಷ್ಟು ಇಳಿಸಿ. ಏರು ಬಂದಾಗ ಪೂರ್ತಿ ಬಿಡಿ. ಎದುರುಗಾಳಿಗೆ ತಿರುಗಿದಾಗ ಮತ್ತೆ ಏರಿಸಿ. ಇದು ಕೈಗೆ ರೂಢಿಯಾದರೆ ಓಟದ ನಡುವೆ ಏನನ್ನೂ ಬಿಚ್ಚಿ ಸೊಂಟಕ್ಕೆ ಕಟ್ಟಬೇಕಾಗುವುದಿಲ್ಲ. ಮಳೆಗೆಂದು ಹೊಲಿದ, ಗಾಳಿಯೇ ಆಡದ ಜಾಕೆಟ್ ಓಟಕ್ಕೆ ಬೇಡ. ಹೊರಗಿನ ಹಿಮ ಒಳಗೆ ಬಾರದಿದ್ದರೂ ಒಳಗಿನ ಬೆವರು ಹೊರಗೆ ಹೋಗುವುದಿಲ್ಲ.

ಇಲ್ಲಿನ ಹವಾಮಾನ ವರದಿಯಲ್ಲಿ ಉಷ್ಣಾಂಶದ ಜೊತೆಗೆ ‘ವಿಂಡ್ ಚಿಲ್’ ಎಂಬ ಇನ್ನೊಂದು ಅಂಕಿ ಕೊಡುತ್ತಾರೆ. ಗಾಳಿಯೂ ಸೇರಿದಾಗ ಚರ್ಮಕ್ಕೆ ಎಷ್ಟು ಚಳಿ ತಟ್ಟುತ್ತದೆ ಎಂಬುದರ ಲೆಕ್ಕ ಅದು. ಈಗಿನ ಸೂತ್ರ 2001ರದು. ಅದಕ್ಕಾಗಿ ಟೊರಾಂಟೊದಲ್ಲೇ ಸ್ವಯಂಸೇವಕರನ್ನು ತಣ್ಣನೆಯ ಗಾಳಿಸುರಂಗದೊಳಗೆ ಟ್ರೆಡ್‌ಮಿಲ್ ಮೇಲೆ ನಡೆಸಿ, ಅವರ ಮುಖ ಎಷ್ಟು ತಣ್ಣಗಾಗುತ್ತದೆಂದು ಅಳೆದಿದ್ದರು. ಮೈನಸ್ 10 ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ವಿಂಡ್ ಚಿಲ್ ಮೈನಸ್ 20 ಆಗುತ್ತದೆ. ಅದು ಮೈನಸ್ 28 ದಾಟಿತೆಂದರೆ ಬರಿ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಹೊಸಬರು ಆ ದಿನ ಜಿಮ್ಮಿನಲ್ಲಿ ಓಡಲಿ. ಗಾಳಿಯ ದಿನ ದಾರಿಯೂ ಬಟ್ಟೆಯಷ್ಟೇ ಮುಖ್ಯ. ಒಂಟಾರಿಯೊ ಸರೋವರದ ದಡದ ಮಾರ್ಟಿನ್ ಗುಡ್‌ಮನ್ ಟ್ರೇಲ್ ಚೆಂದದ ದಾರಿ, ಆದರೆ ಅಲ್ಲಿ ಗಾಳಿಗೆ ತಡೆಯಿಲ್ಲ. ಡಾನ್ ನದಿಯ ಕಣಿವೆಗೆ ಇಳಿದರೆ ಮರ, ದಿಬ್ಬಗಳ ಮರೆ ಸಿಗುತ್ತದೆ. ಯಾವ ದಾರಿಯಾದರೂ ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ಬೆವರಿದ ಮೇಲೆ ಗಾಳಿಗೆ ಬೆನ್ನು ಕೊಟ್ಟು ಬನ್ನಿ.

ಮೈ ಬೆಚ್ಚಗಿದ್ದರೂ ಬೆರಳು ಮರಗಟ್ಟುವುದುಂಟು. ಚಳಿ ತಾಗಿದಾಗ ದೇಹ ಮೊದಲು ಕೈಕಾಲಿನ ತುದಿಗೆ ರಕ್ತ ಕಡಿಮೆ ಮಾಡಿ ಒಳಗಿನ ಅಂಗಗಳನ್ನು ಕಾಪಾಡಿಕೊಳ್ಳುತ್ತದೆ. ಆದ್ದರಿಂದ ಮೈನಸ್ 5ರ ಕೆಳಗೆ ಐದು ಬೆರಳಿನ ಕೈಗವಸು ಬಿಟ್ಟು ಮಿಟನ್ ಹಾಕಿ. ಹೆಬ್ಬೆರಳು ಬಿಟ್ಟು ಉಳಿದ ನಾಲ್ಕೂ ಒಂದೇ ಚೀಲದಲ್ಲಿರುವುದರಿಂದ ಒಂದರ ಶಾಖ ಇನ್ನೊಂದಕ್ಕೆ ದಕ್ಕುತ್ತದೆ. ಕುತ್ತಿಗೆಗೆ ಕೊಳವೆಯಾಕಾರದ ಬಫ್ ಇರಲಿ. ಬೇಕಾದಾಗ ಮೂಗಿನವರೆಗೆ ಎಳೆದುಕೊಂಡರೆ ಉಸಿರಾಡುವ ಗಾಳಿ ಸ್ವಲ್ಪ ಬೆಚ್ಚಗಾಗುತ್ತದೆ. ಅಸ್ತಮಾ ಇರುವವರಿಗೆ ಇದು ಬಲು ಸಹಾಯ, ಇನ್‌ಹೇಲರ್ ಕೂಡ ಒಳಜೇಬಿನಲ್ಲಿರಲಿ. ಕಿವಿ ಮುಚ್ಚುವ ತೆಳು ಟೋಪಿ ಸಾಕು. ಗಂಡಸರು ಟೈಟ್ಸ್‌ನ ಒಳಗೆ, ಮುಂಭಾಗದಲ್ಲಿ ಗಾಳಿ ತಡೆಯುವ ಒಳಚಡ್ಡಿ ಹಾಕಬೇಕು. ಸಂಕೋಚದಿಂದ ಯಾರೂ ಇದನ್ನು ಹೇಳುವುದಿಲ್ಲ, ನೋವು ತಿಂದವರಿಗೇ ಗೊತ್ತು.

ಶೂ ಬೇಸಿಗೆಯದ್ದೇ ನಡೆಯುತ್ತದೆ. ಚಳಿಯೆಂದು ದಪ್ಪ ಸಾಕ್ಸ್ ತುರುಕಬೇಡಿ, ಶೂ ಬಿಗಿಯಾದರೆ ರಕ್ತ ಓಡದೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಒಂದು ಜೊತೆ ಉಣ್ಣೆಯ ಸಾಕ್ಸ್, ಬೆರಳು ಆಡಿಸಲು ಜಾಗ, ಇಷ್ಟೇ. ತುಳಿದು ಗಟ್ಟಿಯಾದ ಹಿಮಕ್ಕೆ ಟ್ರೇಲ್ ಶೂವಿನ ಉಬ್ಬುತಳ ಒಳ್ಳೆಯ ಹಿಡಿತ ಕೊಡುತ್ತದೆ. ಮಂಜುಗಡ್ಡೆಗೆ ಆ ತಳವೂ ಸಾಲದು, ಶೂವಿನ ಮೇಲೆ ಎಳೆದು ಹಾಕುವ ರಬ್ಬರ್ ಪಟ್ಟಿಯ ಲೋಹದ ಮುಳ್ಳುಗಳು ಬೇಕು. ಹಗಲು ಕರಗಿದ ನೀರು ರಾತ್ರಿ ಮತ್ತೆ ಹೆಪ್ಪುಗಟ್ಟಿ ಡಾಂಬರಿನ ಮೇಲೆ ಕಣ್ಣಿಗೆ ಕಾಣದ ಪೊರೆಯಾಗಿರುತ್ತದೆ. ರಸ್ತೆ ಬರೀ ಒದ್ದೆಯಾಗಿ ಹೊಳೆಯುತ್ತಿದೆ ಅನಿಸಿದ ಕಡೆ ಹೆಜ್ಜೆ ಚಿಕ್ಕದು ಮಾಡಿ, ಪಾದವನ್ನು ಸಮನಾಗಿ ಊರಿ.

ಡಿಸೆಂಬರಿನಲ್ಲಿ ಇಲ್ಲಿ ಹಗಲು ಸುಮಾರು 9 ಗಂಟೆ ಮಾತ್ರ, ಕೆಲಸಕ್ಕೆ ಹೋಗುವವರ ಓಟವೆಲ್ಲ ಕತ್ತಲಲ್ಲೇ. ಬೆಳಕು ಪ್ರತಿಫಲಿಸುವ ಪಟ್ಟಿಯ ವೆಸ್ಟ್, ಹಣೆಗೆ ಕಟ್ಟುವ ದೀಪ ಎರಡೂ ಇರಲಿ. ಫೋನನ್ನು ಹೊರಜೇಬಿನಲ್ಲಿ ಇಡಬೇಡಿ, ಚಳಿಗೆ ಬ್ಯಾಟರಿ ಕೈಕೊಡುತ್ತದೆ.

ಇಷ್ಟನ್ನೂ ಒಂದೇ ಸಲ ಕೊಳ್ಳಬೇಕೆಂದಿಲ್ಲ. ಮೊದಲು ಮೈಗಂಟುವ ಅಂಗಿ, ಟೈಟ್ಸ್, ಕೈಗವಸು, ಟೋಪಿ, ಬಫ್. ನಂತರ ಗಾಳಿ ತಡೆಯುವ ಜಾಕೆಟ್. ಮುಳ್ಳುಗಳು ಮೊದಲ ಹಿಮ ಬಿದ್ದ ಮೇಲೆ. ಮನೆಗೆ ಬಂದ ಕೂಡಲೇ, ಕಾಫಿಗೂ ಮೊದಲು, ಒದ್ದೆ ಬಟ್ಟೆ ಬದಲಾಯಿಸಿ. ಈ ಬಟ್ಟೆಗಳನ್ನು ಒಗೆಯುವಾಗ ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಬೇಡಿ, ಬೆವರು ಸಾಗಿಸುವ ಗುಣ ಹೋಗುತ್ತದೆ. ಬಾಗಿಲ ಹಿಂದೆ ಒಂದು ಹಾಳೆ ಅಂಟಿಸಿ, ಓಡಿದ ದಿನ ಮೂರೇ ವಿಷಯ ಬರೆಯಿರಿ: ಉಷ್ಣಾಂಶ ಮತ್ತು ಗಾಳಿ, ಏನು ತೊಟ್ಟಿದ್ದಿರಿ, ಮೂರನೇ ಕಿಲೋಮೀಟರಿನಲ್ಲಿ ಮೈ ಹೇಗಿತ್ತು. ಚಳಿ ತಡೆಯುವ ಶಕ್ತಿ ಒಬ್ಬೊಬ್ಬರದು ಒಂದೊಂದು ಥರ. ಮೇಲೆ ಹೇಳಿದ ಅಂಕಿಗಳನ್ನು ನಿಮ್ಮ ಮೈಗೆ ಎಷ್ಟು ಡಿಗ್ರಿ ಆಚೀಚೆ ಮಾಡಿಕೊಳ್ಳಬೇಕೆಂದು ಆ ಹಾಳೆ ನೋಡಿಯೇ ತೀರ್ಮಾನಿಸಿ.