ಇಂಧನಮಾಪಕದ ಮುಳ್ಳು

ಜೋಯಿಡಾದಿಂದ ಕುಂಬಾರವಾಡವನ್ನು ಹಾದು ಅಣಶಿಯತ್ತ ಸಾಗುವ ರಸ್ತೆಯು ದಟ್ಟವಾದ ಅರಣ್ಯದ ನಡುವಿನದು. ಇಂತಹ ಹಾದಿಯಲ್ಲಿ ಶಾಲೆಯ ಬಸ್ಸಿನ ಇಂಧನಮಾಪಕವು ಸುಳ್ಳು ತೋರಿಸಿದರೆ ಮಕ್ಕಳು ನಡುಗಾಡಿನಲ್ಲಿ ಉಳಿಯಬೇಕಾದೀತು. ಡೀಸೆಲ್ ಪೂರ್ತಿ ತೀರಿದಾಗ ಕೊಳವೆಗಳಲ್ಲಿ ಗಾಳಿ ಸೇರುತ್ತದೆ. ಮತ್ತೆ ಡೀಸೆಲ್ ತುಂಬಿದರೂ ಆ ಗಾಳಿಯನ್ನು ಹೊರದೂಡದೆ ಎಂಜಿನ್ ಸುಲಭವಾಗಿ ನಡೆಯದು.

ಮಾಪಕದ ಮುಳ್ಳು ಡೀಸೆಲನ್ನು ಕಾಣುವುದೇ ಇಲ್ಲ! ಟ್ಯಾಂಕಿನೊಳಗಿನ ತೇಲುಬುರುಡೆಯು ಏರಿಳಿದಂತೆ ವಿದ್ಯುತ್ತಿಗೆ ಒದಗುವ ತಡೆಯು ಬದಲಾಗುತ್ತದೆ. ಮುಳ್ಳು ಆ ಪ್ರವಾಹಕ್ಕೆ ಮಣಿಯುತ್ತದೆ, ಅಷ್ಟೆ. ಆದುದರಿಂದ ನುರಿತ ಮೆಕ್ಯಾನಿಕನು ಮೊದಲು ಟ್ಯಾಂಕಿನಲ್ಲಿ ಕೋಲನ್ನಿಳಿಸಿ ನಿಜವಾದ ಮಟ್ಟವನ್ನು ತಿಳಿಯುತ್ತಾನೆ. ಬಳಿಕ ಬುರುಡೆಯ ಕಡೆಯ ತಂತಿಯನ್ನು ಕಳಚಿ, ಕ್ಷಣಮಾತ್ರ ಚಾಸಿಗೆ ತಾಗಿಸುತ್ತಾನೆ. ಮುಳ್ಳು ಒಂದು ತುದಿಯಿಂದ ಇನ್ನೊಂದಕ್ಕೆ ಓಡಿತೆಂದರೆ ಮಾಪಕವೂ ತಂತಿಯೂ ಸರಿಯಾಗಿವೆ; ದೋಷವು ಟ್ಯಾಂಕಿನ ಕಡೆಯದು. ಆಗಲೂ ಅವನು ಬುರುಡೆಯನ್ನು ಒಡನೆ ಬಿಚ್ಚುವುದಿಲ್ಲ. ಮಲೆನಾಡಿನ ತೇವಕ್ಕೆ ಅರ್ತಿಂಗ್ ತಂತಿಯ ಜೋಡಣೆಯು ತುಕ್ಕು ಹಿಡಿದಿರಬಹುದು.