ಸಮವಸ್ತ್ರ ಎಲ್ಲಿ ಕೊಳ್ಳಬೇಕು? ತೀರ್ಮಾನ ಪೋಷಕರದು

ಮೇ ತಿಂಗಳ ಕೊನೆಗೆ ಶಾಲೆಯಿಂದ ಬರುವ ಚೀಟಿಯಲ್ಲಿ ಪುಸ್ತಕಗಳ ಪಟ್ಟಿಯ ಜೊತೆ ಎಷ್ಟೋ ಕಡೆ ಒಂದು ಅಂಗಡಿಯ ಹೆಸರೂ ಇರುತ್ತದೆ. ‘ಇಲ್ಲಿಯೇ ಖರೀದಿಸತಕ್ಕದ್ದು’ ಎಂದು ಓದಿದ ಪೋಷಕರು ಮರುಮಾತಾಡದೆ ದುಡ್ಡು ಎಣಿಸುತ್ತಾರೆ. ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ಆ ಸಾಲಿಗೆ ಕಾನೂನಿನ ಬಲವಿಲ್ಲ.

ನಿಯಮ 11 ಏನು ಹೇಳುತ್ತದೆ?

1983ರ ಕರ್ನಾಟಕ ಶಿಕ್ಷಣ ಕಾಯ್ದೆಯಡಿ 1995ರಲ್ಲಿ ಬಂದ ಶಿಕ್ಷಣ ಸಂಸ್ಥೆಗಳ (ವರ್ಗೀಕರಣ, ನಿಯಂತ್ರಣ ಮತ್ತು ಪಠ್ಯಕ್ರಮ ನಿಗದಿ ಇತ್ಯಾದಿ) ನಿಯಮಗಳಲ್ಲಿ 11ನೆಯದು ಇದಕ್ಕೆಂದೇ ಇದೆ:

- ಒಮ್ಮೆ ಗೊತ್ತುಮಾಡಿದ ಸಮವಸ್ತ್ರವನ್ನು ಮುಂದಿನ 5 ವರ್ಷ ಬದಲಿಸುವಂತಿಲ್ಲ.
- ಬದಲಿಸುವುದಿದ್ದರೆ ಕನಿಷ್ಠ 1 ವರ್ಷ ಮೊದಲೇ ಪೋಷಕರಿಗೆ ನೋಟಿಸ್ ಕೊಡಬೇಕು.
- ಶಾಲೆಯಲ್ಲಿ ಅಥವಾ ಶಾಲೆ ಸೂಚಿಸಿದ ಅಂಗಡಿ, ದರ್ಜಿಯ ಬಳಿ ಕೊಳ್ಳುವುದು, ಹೊಲಿಸುವುದು ಪೋಷಕರ ಇಷ್ಟ. ಒತ್ತಾಯ ಕೂಡದು.

ಹಾಗಾಗಿ ಅಣ್ಣನ ಅಂಗಿ ತಮ್ಮನಿಗೆ ಸರಿಹೊಂದಿದರೆ ಹೊಸದು ಬೇಕಿಲ್ಲ. ಸರ್ಕಾರಿ ಶಾಲೆಯ ಮಕ್ಕಳಿಗೆ ಪಠ್ಯಪುಸ್ತಕ, ಸಮವಸ್ತ್ರ, ಶೂ, ಸಾಕ್ಸ್ ಉಚಿತವಾಗಿ ಸಿಗುತ್ತವೆ; ಕೊಳ್ಳುವ ಮುನ್ನ ಮುಖ್ಯಶಿಕ್ಷಕರನ್ನು ವಿಚಾರಿಸಿ.

ಅಂಗಡಿಯಲ್ಲಿ ನೋಡಬೇಕಾದದ್ದು

ನೋಟ್‌ಬುಕ್ ಕಟ್ಟಿನ ಮೇಲೆ ಮುದ್ರಿತ ಎಂಆರ್‌ಪಿಗಿಂತ ಒಂದು ರೂಪಾಯಿಯೂ ಹೆಚ್ಚು ಕೇಳುವಂತಿಲ್ಲ. ಹಳೆಯ ಬೆಲೆ ಮುಚ್ಚುವಂತೆ ಹೆಚ್ಚಿನ ಬೆಲೆಯ ಸ್ಟಿಕ್ಕರ್ ಅಂಟಿಸಿದ್ದರೆ ಅದೂ ತಪ್ಪು, ಫೋಟೊ ತೆಗೆದಿಟ್ಟುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್, ಪೆನ್ಸಿಲ್, ರಬ್ಬರ್, ಶಾರ್ಪನರ್, ಕ್ರೇಯಾನ್‌ಗಳಿಗೆ ಜಿಎಸ್‌ಟಿ ಇಲ್ಲ. ಬಿಲ್ಲಿನಲ್ಲಿ ತೆರಿಗೆ ಕಂಡರೆ ಪ್ರಶ್ನಿಸಿ.

‘ಸೆಟ್ ಪೂರ್ತಿ ತಗೊಂಡ್ರೆ ಮಾತ್ರ ಕೊಡ್ತೀವಿ’ ಎಂದು ಒಂದು ವಸ್ತುವಿಗೆ ಇನ್ನೊಂದನ್ನು ಗಂಟುಹಾಕುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಿರ್ಬಂಧಕ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದು ಅನುಚಿತ ವ್ಯಾಪಾರ. ಹೊಲಿಗೆ ಬಿಟ್ಟ ಬ್ಯಾಗನ್ನು ‘ಮಾರಿದ ಮಾಲು ವಾಪಸಿಲ್ಲ’ ಎಂದು ತಳ್ಳಿಹಾಕುವಂತೆಯೂ ಇಲ್ಲ. ಬಿಲ್ಲಿನಲ್ಲಿ ಅವಧಿ ನಮೂದಿಸಿಲ್ಲವಾದರೆ, ದೋಷವಿರುವ ವಸ್ತು ಹಿಂದಿರುಗಿಸಲು 30 ದಿನ ಅವಕಾಶವಿದೆ.

ದೂರು ಎಲ್ಲಿ, ಹೇಗೆ?

ಮೊದಲು ಶಾಲೆಗೆ ಬರೆದುಕೊಡಿ: ‘1995ರ ನಿಯಮ 11ರಂತೆ ನಮಗೆ ಅನುಕೂಲವಾದ ಅಂಗಡಿಯಲ್ಲಿ ಖರೀದಿಸುತ್ತೇವೆ. ಬಟ್ಟೆಯ ಬಣ್ಣ, ವಿನ್ಯಾಸ ಮತ್ತು ಪುಸ್ತಕಗಳ ಪಟ್ಟಿ ಒದಗಿಸಬೇಕಾಗಿ ಕೋರಿಕೆ.’ ನಕಲಿನ ಮೇಲೆ ಸ್ವೀಕೃತಿ ಸಹಿ, ಮೊಹರು ಹಾಕಿಸಿಕೊಳ್ಳಿ. ಫಲವಾಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಆಮೇಲೆ ಜಿಲ್ಲಾ ಉಪನಿರ್ದೇಶಕರಿಗೆ ದೂರು ಕೊಡಿ. ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳ ಪೋಷಕರು ಆಯಾ ಮಂಡಳಿಗೆ ಬರೆಯಬಹುದು.

ಅಂಗಡಿಯ ವಿರುದ್ಧವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಎಂಆರ್‌ಪಿ ಮೋಸಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯಿದೆ. ನೀವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿ 2 ವರ್ಷದೊಳಗೆ ದೂರು ಸಲ್ಲಿಸಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರೇ ಬೇಕೆಂದೂ ಇಲ್ಲ.

ಮಗುವಿಗೆ ತೊಂದರೆಯಾದರೆ?

ಈ ಅಳುಕಿನಿಂದಲೇ ಹೆಚ್ಚಿನವರು ಸುಮ್ಮನಾಗುತ್ತಾರೆ. ಮಗುವಿಗೆ ಮಾನಸಿಕ ಕಿರುಕುಳ ಕೊಡುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸುತ್ತದೆ. ಅದಕ್ಕಿಂತ ಸುಲಭದ ದಾರಿ, ಒಂದೇ ತರಗತಿಯ ಹತ್ತಾರು ಪೋಷಕರು ಸೇರಿ ಒಂದೇ ಅರ್ಜಿಗೆ ಸಹಿ ಹಾಕುವುದು. ಆಗ ಯಾವ ಮಗುವೂ ಒಂಟಿಯಾಗಿ ಗುರಿಯಾಗುವುದಿಲ್ಲ. ಶಾಲೆ ಬೇರೆ ಅಂಗಡಿಯ ಸಮವಸ್ತ್ರವನ್ನು ಒಪ್ಪಿದರೆ, ಅದೇ ಗುಂಪು ಸಗಟು ಅಂಗಡಿಯಲ್ಲಿ ಒಟ್ಟಿಗೆ ಬಟ್ಟೆ ಕೊಂಡು ದರ ಇಳಿಸಿಕೊಳ್ಳಲೂಬಹುದು.